ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಯಾರಿ: ಮಕ್ಕಳಿಗೂ ಮನೆಯವರಿಗೂ ಎರಡು ಮಾತು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಪ್ರತಿಭಾ ಪುರಸ್ಕಾರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತು)



ಸಂಘದ ಇಪ್ಪತ್ತೈದು ವರ್ಷದ ಕಥೆಯನ್ನು ಅಧ್ಯಕ್ಷರು ವಿವರವಾಗಿ ಹೇಳಿದ್ದಾರೆ. ಎಷ್ಟು ಲೀಟರಿನಿಂದ ಶುರುವಾಯಿತು, ಈಗ ಎಷ್ಟಕ್ಕೆ ಬಂದಿದೆ ಎಂಬ ಲೆಕ್ಕವನ್ನು ಕಾರ್ಯದರ್ಶಿಗಳು ಓದಿದ್ದಾರೆ. ನಮಗೆ ವಹಿಸಿರುವುದು ಮಕ್ಕಳ ಓದಿನ ವಿಷಯ. ಮೇಷ್ಟ್ರುಗಳು ಆಡಬೇಕಾದ ಮಾತನ್ನು ನಮ್ಮಂಥ ರೈತನಿಗೆ ಕೊಟ್ಟಿದ್ದಾರೆ. ನಮ್ಮ ಓದು ಎಸ್ಸೆಸ್ಸೆಲ್ಸಿ. ಅದೂ ಎರಡು ಸಲ ಕಟ್ಟಿ ಪಾಸಾದದ್ದು. ನಗಬೇಡಿ. ಈ ಮಾತು ಆಡಲು ನಮಗಿರುವ ಅರ್ಹತೆ ಅದೊಂದೇ. ಮೊದಲ ಸಲಕ್ಕೇ ಫಸ್ಟ್ ಕ್ಲಾಸಿನಲ್ಲಿ ಪಾಸಾದವರನ್ನು ಹೇಗೆ ಪಾಸಾದಿರಿ ಎಂದು ಕೇಳಿ ನೋಡಿ, 'ಓದಿದೆ, ಬರೆದೆ' ಅಂತಾರೆ. ಫೇಲಾದವನಿಗೆ ಮಾತ್ರ ಎಲ್ಲಿ ಎಡವಿದೆ ಅನ್ನುವುದು ಸಾಯೋವರೆಗೂ ನೆನಪಿರುತ್ತದೆ.

ನಾವು ಮೊದಲ ಸಲ ಪರೀಕ್ಷೆಗೆ ಕುಳಿತದ್ದು 1996ರಲ್ಲಿ. ನಮ್ಮ ತಂದೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮಗ ಓದಲೇಬೇಕು ಎಂಬ ಹಟ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ದೀಪ ಹಚ್ಚಿ ಕೂರಿಸುತ್ತಿದ್ದರು. ತಾವು ಜಗಲಿ ಮೇಲೆ ಕಂಬಳಿ ಹೊದ್ದು ಮಲಗಿ ಕಿವಿ ಒಳಗಡೆ ಇಟ್ಟಿರುತ್ತಿದ್ದರು. ಸದ್ದು ನಿಂತರೆ 'ಏನ್ಲಾ, ತೂಕಡಿಸ್ತಿದ್ದೀಯ?' ಎಂದು ಅಲ್ಲಿಂದಲೇ ಗದರುತ್ತಿದ್ದರು. ಅವರ ಲೆಕ್ಕದಲ್ಲಿ ಓದು ಎಂದರೆ ಸದ್ದು. ಹೀಗಾಗಿ ಕನ್ನಡವನ್ನೂ ಗಟ್ಟಿಯಾಗಿ ಓದಿದೆವು, ಇತಿಹಾಸವನ್ನೂ ಗಟ್ಟಿಯಾಗಿ ಓದಿದೆವು, ಗಣಿತವನ್ನೂ ಗಟ್ಟಿಯಾಗಿ ಓದಿದೆವು! ಕಾಗದ ಪೆನ್ಸಿಲು ಹಿಡಿದು ಲೆಕ್ಕ ಮಾಡಿದರೆ ಸದ್ದು ಬರುವುದಿಲ್ಲವಲ್ಲ. ಒಂದೇ ಪ್ರಮೇಯವನ್ನು ನಲವತ್ತು ಸಲ ಓದಿದ್ದೇವೆ. ಓದುತ್ತಾ ಓದುತ್ತಾ ಎಲ್ಲಾ ಬರುತ್ತದೆ ಎನ್ನಿಸಿಬಿಟ್ಟಿತ್ತು. ಪುಟ ತಿರುವುವ ಮುಂಚೆಯೇ ಮುಂದಿನ ಸಾಲು ಬಾಯಿಗೆ ಬರುತ್ತಿತ್ತು.

ಪರೀಕ್ಷೆಯಲ್ಲಿ ಅದೇ ಪ್ರಮೇಯ ಬಂತು. ವೃತ್ತದ ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಎಂದು ಸಾಧಿಸಿ. ಪ್ರಶ್ನೆ ನೋಡಿ ಒಳಗೊಳಗೇ ಖುಷಿಯಾಯಿತು. ಚಿತ್ರ ಬರೆದೆವು. 'ದತ್ತ' ಎಂದು ಬರೆದೆವು. ಅಲ್ಲಿಗೆ ನಿಂತಿತು. ಪುಸ್ತಕದ ಆ ಪುಟ ಕಣ್ಣ ಮುಂದೆ ಇದೆ, ಪುಟದ ಮೂಲೆಯಲ್ಲಿದ್ದ ಎಣ್ಣೆ ಕಲೆ ಕೂಡ ಕಾಣಿಸುತ್ತಿದೆ, ಆದರೆ ಅಕ್ಷರ ಮಾತ್ರ ಕಾಣುತ್ತಿಲ್ಲ. ಗಣಿತದಲ್ಲಿ ಬಂದದ್ದು 28. ಆಗ ಪಾಸಾಗಲು 35 ಬೇಕಿತ್ತು. ತಂದೆಯವರು ಬೈಯಲಿಲ್ಲ. 'ಇಷ್ಟೊಂದು ಓದಿದ್ದನಲ್ಲ, ನಾನೇ ಕೇಳಿಸಿಕೊಂಡಿದ್ದೀನಿ' ಎಂದು ಊರವರಿಗೆಲ್ಲ ಹೇಳಿಕೊಂಡು ತಿರುಗಿದರು. ಬೈದಿದ್ದರೇ ಚೆನ್ನಾಗಿತ್ತು.

ಪಕ್ಕದೂರಿನಲ್ಲಿ ನಿವೃತ್ತರಾದ ಗಣಿತದ ಮೇಷ್ಟ್ರು ಒಬ್ಬರಿದ್ದರು. ಅವರ ಹತ್ತಿರ ಕಳಿಸಿದರು. ಅವರು ಪುಸ್ತಕ ತೆಗೆಸಲೇ ಇಲ್ಲ. ಹಿತ್ತಲಿನ ದುಂಡು ಬಾವಿಯ ಹತ್ತಿರ ಕರೆದುಕೊಂಡು ಹೋಗಿ, ದೂರದಲ್ಲಿ ಹಸು ಕಟ್ಟುವ ಗೂಟಕ್ಕೆ ಹಗ್ಗ ಕಟ್ಟಿಸಿ, ಬಾವಿಕಟ್ಟೆಯ ಎಡಮಗ್ಗುಲಿಗೆ ಸವರುವ ಹಾಗೆ ಬಿಗಿಯಾಗಿ ಎಳೆಸಿದರು. ಹಗ್ಗ ಕಟ್ಟೆಗೆ ತಾಗಿದ ಜಾಗಕ್ಕೆ ಗಂಟು ಹಾಕಿಸಿದರು. ಆಮೇಲೆ ಅದೇ ಹಗ್ಗವನ್ನು ಬಲಮಗ್ಗುಲಿಗೆ ಎಳೆಸಿದರು. ಗಂಟು ಸರಿಯಾಗಿ ಕಟ್ಟೆ ತಾಗುವ ಜಾಗಕ್ಕೇ ಬಂತು. 'ಯಾಕಯ್ಯಾ ಹೀಗೆ?' ಎಂದರು. ನಮಗೆ ಉತ್ತರ ಇಲ್ಲ. ಬಾವಿಯ ನಡುಮಧ್ಯಕ್ಕೆ ಒಂದು ಗೆರೆ ಊಹಿಸಿಕೋ ಎಂದರು. ಗೂಟದಿಂದ ಮಧ್ಯಕ್ಕೆ ಒಂದೇ ಗೆರೆ, ಅದು ಎರಡು ತ್ರಿಭುಜಕ್ಕೂ ಸೇರಿದ್ದು. ಮಧ್ಯದಿಂದ ಕಟ್ಟೆಗೆ ಎರಡು ತ್ರಿಜ್ಯ, ಅವು ಸಮ. ಹಗ್ಗ ತಾಗುವ ಕಡೆ ಲಂಬಕೋನ. ಹಾಗಾದರೆ ಎರಡು ತ್ರಿಭುಜವೂ ಸರ್ವಸಮ, ಎರಡು ಹಗ್ಗವೂ ಸಮ. ಮುಗಿಯಿತು. ನಲವತ್ತು ಸಲ ಓದಿ ಬರದಿದ್ದದ್ದು ಒಂದು ಹಗ್ಗದಿಂದ ಬಂತು.

ಆದರೆ ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಹಗ್ಗ ಬಿಚ್ಚಿಸಿ, ಹಳೇ ಕ್ಯಾಲೆಂಡರಿನ ಹಾಳೆ ಹರಿದು ಕೊಟ್ಟು, 'ಹಿಂಬದಿಯಲ್ಲಿ ಬರಿ, ಪುಸ್ತಕ ಮುಟ್ಟಬೇಡ' ಎಂದರು. ಬರೆದೆವು, ಅರ್ಧಕ್ಕೆ ನಿಂತಿತು. ಎಲ್ಲಿ ನಿಂತಿತೋ ಅಲ್ಲಿಗೆ ಒಂದು ಗೆರೆ ಎಳೆಸಿ, 'ಇದು ನಿನ್ನ ಫೇಲಾದ ಜಾಗ, ಈಗ ಪುಸ್ತಕ ತೆಗೆದು ಇದೊಂದು ನೋಡು' ಎಂದರು. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಪ್ರಮೇಯ ಬರೆಸಿದರು. ಹತ್ತು ದಿನ ಬಿಟ್ಟು ಮತ್ತೆ. ಎರಡನೇ ಸಲ ಪಾಸಾದೆವು. ಅಂಕ ಎಷ್ಟು ಎಂದು ಹೇಳುವುದಿಲ್ಲ, ಮಕ್ಕಳ ಮುಂದೆ ಮರ್ಯಾದೆ ಉಳಿಯಲಿ.

ಆ ಮೇಷ್ಟ್ರು ಮಾಡಿಸಿದ ಕೆಲಸವೇ ತಯಾರಿ ಎನ್ನುವುದು. ಪುಸ್ತಕ ತೆರೆದು ಓದುವುದು ತಯಾರಿಯ ಅರ್ಧ ಭಾಗ, ಪುಸ್ತಕ ಮುಚ್ಚಿ ಬರೆಯುವುದು ಉಳಿದ ಅರ್ಧ. ನಮ್ಮ ಮಕ್ಕಳು ಮೊದಲನೆಯದನ್ನು ಮಾಡಿ ಎರಡನೆಯದನ್ನು ಪರೀಕ್ಷೆಯ ದಿನಕ್ಕೆ ಇಟ್ಟುಕೊಳ್ಳುತ್ತಾರೆ.

ಸದಸ್ಯರಿಗೆ ಇದನ್ನು ಹಾಲಿನ ಭಾಷೆಯಲ್ಲೇ ಹೇಳುತ್ತೇವೆ. ಮನೆಯಲ್ಲಿ ಕರೆದಾಗ ಎಲ್ಲರ ಹಾಲೂ ಗಟ್ಟಿಯೇ. ನೊರೆ ಬಂದ ತಂಬಿಗೆ ನೋಡಿದರೆ ಇದಕ್ಕಿಂತ ಹಾಲು ಬೇರೆ ಇಲ್ಲ ಎನಿಸುತ್ತದೆ. ಡೇರಿಗೆ ತಂದು ಡಿಗ್ರಿ ನೋಡಿ ಫ್ಯಾಟು ತೆಗೆದ ಮೇಲೆ ಗೊತ್ತಾಗುವುದು. ಆಗ ಕೆಲವರು ಕಾರ್ಯದರ್ಶಿಗಳ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಅದು ಬೇರೆ ಮಾತು. ಓದು ಕೂಡ ಹಾಗೇ. ಪುಸ್ತಕ ಕೈಯಲ್ಲಿರುವಾಗ ಎಲ್ಲಾ ಗೊತ್ತು ಅನ್ನುವುದು ನೊರೆ. ಪುಸ್ತಕ ಮುಚ್ಚಿ ಬರೆದಾಗ ಬಂದದ್ದು ಫ್ಯಾಟು.

ಇದು ನಮ್ಮೊಬ್ಬರ ಅನುಭವ ಅಷ್ಟೇ ಅಲ್ಲ. ಹೈಸ್ಕೂಲಿನ ಮೇಷ್ಟ್ರುಗಳು ಒಂದು ವಿಷಯ ಹೇಳಿದರು. 2006ರಲ್ಲಿ ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರಂತೆ. ಕೆಲವರಿಗೆ ಒಂದು ಪಾಠವನ್ನು ಎರಡೆರಡು ಸಲ ಓದಿಸಿದರು. ಉಳಿದವರಿಗೆ ಒಂದು ಸಲ ಓದಿಸಿ, ಪಾಠ ನೋಡದೆ ನೆನಪಿದ್ದಷ್ಟು ಬರೆಯಿಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದೆ. ಈ ಐದು ನಿಮಿಷದ ವಿಷಯ ಕೇಳಿ ನಮಗೆ ನಮ್ಮ ಜಗಲಿ ನೆನಪಾಯಿತು. ಬೆಳಗಿನ ಜಾವ ಓದಿ ಮುಗಿಸಿದ ತಕ್ಷಣ ಎಲ್ಲಾ ಬರುತ್ತದೆ ಅನಿಸುತ್ತಿತ್ತಲ್ಲ, ಅದು ಸುಳ್ಳಲ್ಲ, ಆಗ ಬರುತ್ತಿತ್ತು. ಪರೀಕ್ಷೆ ಐದು ನಿಮಿಷ ಬಿಟ್ಟು ಇರಲಿಲ್ಲ, ಅಷ್ಟೇ.

ಇನ್ನೊಂದು ಮರೆವಿನ ಸಂಗತಿ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬುವರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕ ಇಟ್ಟು 1885ರಲ್ಲೇ ಪುಸ್ತಕ ಬರೆದರು. ಕಲಿತ ಮೊದಲ ದಿನವೇ ಬಹಳಷ್ಟು ಹೋಗಿಬಿಡುತ್ತದೆ, ಆಮೇಲೆ ಮರೆಯುವ ವೇಗ ಕಡಿಮೆ ಆಗುತ್ತದೆ. ಒಂದೇ ದಿನ ಗುದ್ದಾಡುವುದಕ್ಕಿಂತ ದಿನ ಬಿಟ್ಟು ದಿನ ಹಂಚಿಕೊಂಡು ಕಲಿತದ್ದು ಹೆಚ್ಚು ನಿಲ್ಲುತ್ತದೆ ಎಂದೂ ಕಂಡುಕೊಂಡರು. ರಾಗಿ ಹೊಲಕ್ಕೆ ಒಂದೇ ದಿನ ಮೂರು ಸಲ ಕುಂಟೆ ಹೊಡೆದು ಕಳೆ ಹೋಯಿತು ಎಂದು ಕೂರುವ ರೈತ ಯಾರಾದರೂ ಇದ್ದಾನೆಯೇ? ಕಳೆ ಮತ್ತೆ ತಲೆ ಎತ್ತುವ ಹೊತ್ತಿಗೆ ಮತ್ತೆ ಹೊಡೆಯುತ್ತೇವೆ. ಪಾಠವೂ ಮರೆಯಲು ಶುರುವಾದ ಹೊತ್ತಿಗೆ ಮತ್ತೆ ಮುಟ್ಟಬೇಕು. ಇವತ್ತು ಬರೆದದ್ದನ್ನು ನಾಳೆ ಒಂದು ಸಲ, ವಾರ ಬಿಟ್ಟು ಒಂದು ಸಲ, ತಿಂಗಳು ಬಿಟ್ಟು ಒಂದು ಸಲ. ಇದನ್ನು ಮಾರ್ಚಿ ತಿಂಗಳಲ್ಲಿ ಶುರು ಮಾಡಿದರೆ ಆಗುವುದಿಲ್ಲ. ದಸರಾ ರಜೆ ಮುಗಿದ ಮೇಲಾದರೂ ಶುರು ಆಗಬೇಕು.

ಈಗ ಮಕ್ಕಳಿಗೆ ಗಣಿತದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ನಮ್ಮ ಊರಿನ ಮಕ್ಕಳು ಹೆಚ್ಚು ಹೆದರುವುದು ಅದಕ್ಕೇ. ಈಚಿನ ವರ್ಷಗಳ ರಾಜ್ಯ ಪಠ್ಯಕ್ರಮದ ಗಣಿತ ಪ್ರಶ್ನೆಪತ್ರಿಕೆಯನ್ನು ತರಿಸಿ ನೋಡಿದೆವು. ಲಿಖಿತ ಪರೀಕ್ಷೆಗೆ 80 ಅಂಕ, 38 ಪ್ರಶ್ನೆ. ಅದರಲ್ಲಿ ಎಂಟು ಪ್ರಶ್ನೆಗೆ ಉತ್ತರ ಅಲ್ಲೇ ಕೊಟ್ಟಿರುತ್ತಾರೆ, ಆರಿಸಿದರೆ ಆಯಿತು. ಇನ್ನೆಂಟು ಒಂದೊಂದು ಅಂಕದ ಪ್ರಶ್ನೆ. ಎರಡಂಕದ್ದು ಎಂಟು, ಮೂರಂಕದ್ದು ಒಂಬತ್ತು, ನಾಲ್ಕಂಕದ್ದು ನಾಲ್ಕು, ಐದಂಕದ್ದು ಒಂದೇ ಒಂದು. ನಮ್ಮ ಮಕ್ಕಳು ಆ ಐದಂಕದ ಒಂದು ಪ್ರಶ್ನೆಗೆ ಹೆದರಿ ಇಡೀ ಗಣಿತವನ್ನೇ ಕೈಬಿಡುತ್ತಾರೆ. ಒಂದಂಕ ಎರಡಂಕದ ಪ್ರಶ್ನೆಗಳೇ ಸೇರಿ 32 ಅಂಕ ಆಗುತ್ತದೆ, ಕೂಡಿ ನೋಡಿ.

ಪ್ರಮೇಯ ಬರೆಯುವಾಗ ಪೂರ್ತಿ ಬಾರದಿದ್ದರೂ ಚಿತ್ರ, ದತ್ತ, ಸಾಧನೀಯ, ರಚನೆ ಇಷ್ಟನ್ನು ಬರೆಯದೆ ಬಿಡಬೇಡಿ. ಹಂತಹಂತಕ್ಕೂ ಅಂಕ ಇದೆ. ಎರಡು ಸಮೀಕರಣವನ್ನು ನಕ್ಷೆಯಲ್ಲಿ ಬಿಡಿಸುವ ಲೆಕ್ಕ ಮನೆಯಲ್ಲಿ ನಿಜವಾದ ನಕ್ಷೆ ಹಾಳೆಯ ಮೇಲೆ ಹತ್ತು ಸಲ ಮಾಡಿದವನಿಗೆ ನೀರು ಕುಡಿದ ಹಾಗೆ, ಬರೀ ನೋಡಿದವನಿಗೆ ಪರೀಕ್ಷೆಯ ದಿನ ಸ್ಕೇಲು ಹಿಡಿದ ಕೈಯೇ ನಡುಗುತ್ತದೆ. ಇನ್ನೊಂದು ಕಿವಿಮಾತು. ಒಂದೇ ಥರದ ಲೆಕ್ಕವನ್ನು ಸಾಲಾಗಿ ಇಪ್ಪತ್ತು ಮಾಡಿ ಬಂತು ಎಂದುಕೊಳ್ಳಬೇಡಿ. ಸಮಾಂತರ ಶ್ರೇಢಿ ಪಾಠದ ಕೆಳಗಿರುವ ಲೆಕ್ಕಕ್ಕೆ ಶ್ರೇಢಿಯ ಸೂತ್ರ ಹಾಕಬೇಕು ಎಂದು ಕುರುಡನಿಗೂ ಗೊತ್ತು. ಪರೀಕ್ಷೆಯಲ್ಲಿ ಮೇಲೆ ಪಾಠದ ಹೆಸರು ಬರೆದಿರುವುದಿಲ್ಲ. ಶ್ರೇಢಿ ಒಂದು, ವರ್ಗ ಸಮೀಕರಣ ಒಂದು, ತ್ರಿಕೋನಮಿತಿ ಒಂದು, ಹೀಗೆ ಕಲಸಿ ಮಾಡಿ. ತಪ್ಪು ಜಾಸ್ತಿ ಆಗುತ್ತದೆ, ಬೇಜಾರೂ ಆಗುತ್ತದೆ. ತಪ್ಪಾದದ್ದನ್ನೆಲ್ಲ ಒಂದು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊನೆಯ ವಾರ ಓದಲು ಆ ನೋಟ್‌ಬುಕ್ಕಿಗಿಂತ ಒಳ್ಳೇ ಗೈಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮಾದರಿ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷಾ ಮಂಡಳಿಯವರೇ ಅವರ ಜಾಲತಾಣದಲ್ಲಿ ಹಾಕುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮನೆಯಲ್ಲಿ ಮೊಬೈಲು ಇದ್ದೇ ಇದೆಯಲ್ಲ, ಅದಕ್ಕೂ ಒಂದು ಪುಣ್ಯದ ಕೆಲಸ ಸಿಗಲಿ. ಹಳೆಯ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಮೂರು ಗಂಟೆ ಕಾಲ ಒಂದೇ ಕಡೆ ಕೂತು ಬರೆಯಬೇಕು. ಪರೀಕ್ಷೆಯಲ್ಲಿ ಪ್ರಶ್ನೆ ಓದಿಕೊಳ್ಳಲು ಹದಿನೈದು ನಿಮಿಷ ಬೇರೆ ಕೊಡುತ್ತಾರೆ, ಅದನ್ನೂ ಅಭ್ಯಾಸ ಮಾಡಬೇಕು. ನಮ್ಮ ಮಕ್ಕಳಿಗೆ ಓಡಾಡುವ ಅಭ್ಯಾಸ ಇದೆ, ಮೂರು ಗಂಟೆ ಕೂರುವ ಅಭ್ಯಾಸ ಇಲ್ಲ. ಗೊತ್ತಿದ್ದೂ ಟೈಮು ಸಾಲದೆ ಬಿಟ್ಟುಬಂದೆ ಎಂದು ಅತ್ತವರನ್ನು ಈ ಊರಿನಲ್ಲೇ ನೋಡಿದ್ದೇವೆ.

ನಿದ್ದೆಯ ವಿಷಯದಲ್ಲಿ ನಮ್ಮ ತಂದೆಯವರ ದಾರಿ ಹಿಡಿಯಬೇಡಿ. ನಾಲ್ಕಕ್ಕೆ ಏಳಲಿ, ಬೇಡ ಅನ್ನುವುದಿಲ್ಲ, ಆದರೆ ಒಂಬತ್ತಕ್ಕೆ ಮಲಗಿರಬೇಕು. ರಾತ್ರಿ ಹನ್ನೊಂದರವರೆಗೂ ಟೀವಿ ಹಾಕಿಕೊಂಡು ಕೂತು, ಮಗುವನ್ನು ನಾಲ್ಕಕ್ಕೆ ಎಬ್ಬಿಸುವ ಮನೆಗಳು ಇಲ್ಲಿ ಕುಳಿತಿವೆ. ಹೆಸರು ಹೇಳುವುದಿಲ್ಲ.

ನಕಲಿನ ಮಾತನ್ನೂ ಆಡಿಬಿಡೋಣ. ಪರೀಕ್ಷೆಯ ಹೊತ್ತಿಗೆ ಹೇಗೋ ಆಗುತ್ತದೆ, ಯಾರಾದರೂ ಹೇಳಿಕೊಡುತ್ತಾರೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಹಳ ವರ್ಷ ಇತ್ತು. ದೊಡ್ಡವರೇ ಮಕ್ಕಳ ತಲೆಗೆ ತುಂಬಿದ್ದು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ, 2023ರಲ್ಲಿ, ರಾಜ್ಯದ ಫಲಿತಾಂಶ ನೂರಕ್ಕೆ 83.89 ಇದ್ದದ್ದು ಆ ವರ್ಷ 73.40ಕ್ಕೆ ಇಳಿಯಿತು. ಆ ಮಕ್ಕಳು ದಡ್ಡರಾಗಿದ್ದರೆ? ನಮಗೆ ಹಾಗನ್ನಿಸುವುದಿಲ್ಲ. ಪುಸ್ತಕ ಮುಚ್ಚಿ ಬರೆಯುವ ಅಭ್ಯಾಸವನ್ನು ಅವರಿಗೆ ಯಾರೂ ಮಾಡಿಸಿರಲಿಲ್ಲ.

ಈಗ ನಮ್ಮ ಮನೆಗಳ ವಿಷಯ. ಮಕ್ಕಳಿಗೆ ಹೇಳುವುದು ಸುಲಭ, ಇದು ಕಷ್ಟ. ತಾಯಂದಿರು ಬೇಸರ ಮಾಡಿಕೊಳ್ಳಬಾರದು. ಹತ್ತನೇ ಕ್ಲಾಸಿನ ಹುಡುಗಿ ಬೆಳಿಗ್ಗೆ ಎದ್ದು ಕೊಟ್ಟಿಗೆ ಸಗಣಿ ಬಾಚಿ, ಕರು ಬಿಟ್ಟು, ಡೇರಿಗೆ ಹಾಲು ತಂದು, ಮುದ್ದೆ ಉಂಡು ಬಸ್ಸಿಗೆ ಓಡುತ್ತಾಳೆ. ಸಂಜೆ ಬಂದು ಹುಲ್ಲು ಹಾಕಿ, ಮತ್ತೆ ಡೇರಿಗೆ ಬಂದು, ಪಾತ್ರೆ ಬೆಳಗಿ ಪುಸ್ತಕ ತೆಗೆಯುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಅದೇ ಮನೆಯ ಹುಡುಗ ಓದುವ ನೆವದಲ್ಲಿ ಅರಳಿಕಟ್ಟೆ ಮೇಲೆ ಮೊಬೈಲು ಹಿಡಿದು ಕೂತಿರುತ್ತಾನೆ. ಹಾಲಿನ ಹಣ ಮನೆಗೆ ಬರುವುದರಲ್ಲಿ ಆ ಮಗಳ ಬೆವರೂ ಇದೆ. 2013ರಲ್ಲಿ ಕ್ಷೀರಭಾಗ್ಯ ಬಂದಾಗ ನಾವು ಹಾಕುವ ಹಾಲು ಶಾಲೆಯ ಮಕ್ಕಳಿಗೂ ಹೋಗುತ್ತದೆ ಎಂದು ಹೆಮ್ಮೆಪಟ್ಟೆವು. ಆ ಹಾಲು ಹೊತ್ತು ತಂದ ಮಗುವಿಗೆ ಓದಲು ಹೊತ್ತು ಉಳಿದಿದೆಯೇ ಎಂದು ನೋಡಲಿಲ್ಲ.

ಮತ್ತೆ ಜಾತ್ರೆ, ಮದುವೆ. ಪರೀಕ್ಷೆಯೂ ಅದೇ ಮಾರ್ಚಿ ಏಪ್ರಿಲ್ಲು, ನಮ್ಮ ಜಾತ್ರೆ ಹಬ್ಬಗಳೂ ಅದೇ ಹೊತ್ತಿಗೆ. ದೇವರ ಕಾರ್ಯ ನಿಲ್ಲಿಸಿ ಎನ್ನಲು ನಾವು ಯಾರು? ಆದರೆ ಮೈಕು ರಾತ್ರಿ ಎಂಟಕ್ಕೆ ನಿಲ್ಲಿಸಿದರೆ ದೇವರಿಗೆ ಕೋಪ ಬರುವುದಿಲ್ಲ. ಬಂದ ನೆಂಟರು 'ಅವರ ಮಗ ಅಷ್ಟು ತೆಗೆದ, ನಿನ್ನದೆಷ್ಟು?' ಎಂದು ಕೇಳುವುದನ್ನು ಬಿಟ್ಟರೆ ಅದೇ ದೊಡ್ಡ ಉಡುಗೊರೆ. ಓದು ಬಾರದ ತಂದೆತಾಯಿಗಳು ನಮಗೇನು ಗೊತ್ತು ಎನ್ನಬೇಡಿ. ಪುಸ್ತಕ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ, ಮಗುವಿನ ಕೈಗೆ ಬಿಳಿ ಹಾಳೆ ಕೊಡಿ. 'ಇವತ್ತು ಓದಿದ್ದು ಬರಿ ನೋಡೋಣ' ಎನ್ನಿ. ಬರೆದದ್ದು ಸರಿಯೋ ತಪ್ಪೋ ಮಗುವೇ ಪುಸ್ತಕ ನೋಡಿ ತಿದ್ದಿಕೊಳ್ಳುತ್ತದೆ. ನಮ್ಮ ತಂದೆಯವರಿಗೆ ಇದೊಂದು ಯಾರಾದರೂ ಹೇಳಿಕೊಟ್ಟಿದ್ದರೆ ಅವರ ನಾಲ್ಕು ಗಂಟೆಯ ಚಳಿ ವ್ಯರ್ಥ ಆಗುತ್ತಿರಲಿಲ್ಲ.

ಕೊನೆಗೆ ಸಂಘದ ವಿಷಯ. ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆವು. ಪ್ರತಿ ವರ್ಷ ಹೆಚ್ಚು ಅಂಕ ತೆಗೆದ ಮಕ್ಕಳನ್ನು ಕರೆದು ಹಾರ ಹಾಕಿ ಬಹುಮಾನ ಕೊಡುತ್ತಾ ಬಂದಿದ್ದೇವೆ, ಇವತ್ತೂ ಕೊಡುತ್ತೇವೆ. ಆ ಮಕ್ಕಳಿಗೆ ಅಭಿನಂದನೆ. ಆದರೆ ಹಿಂದಿನ ವರ್ಷ ನಮ್ಮ ಸದಸ್ಯರೊಬ್ಬರ ಮಗ ಎರಡು ವಿಷಯದಲ್ಲಿ ಹೋದ. ದಿನಾ ಎರಡು ಹೊತ್ತೂ ನಗುನಗುತ್ತಾ ಕ್ಯಾನು ತರುತ್ತಿದ್ದ ಹುಡುಗ ಮಾರನೇ ದಿನದಿಂದ ಡೇರಿ ಕಡೆ ಬರಲಿಲ್ಲ. ಅವರ ತಾಯಿ ಮೊಣಕಾಲು ನೋವಿನಲ್ಲೇ ಹಾಲು ಹೊತ್ತು ತಂದರು. ಬಹುಮಾನದ ಸಭೆ ಇದೇ ಕಟ್ಟಡದಲ್ಲಿ ನಡೆಯುವಾಗ ಅವನು ತೋಟದಲ್ಲಿ ಒಬ್ಬನೇ ಇದ್ದ. ನಾವು ಹೋಗಿ ನಮ್ಮ 28ರ ಕಥೆ ಹೇಳಿದೆವು. ನಂಬಲಿಲ್ಲ. ಮಾರ್ಕ್ಸ್‌ಕಾರ್ಡು ತೋರಿಸಿದ ಮೇಲೆ ಸ್ವಲ್ಪ ನಕ್ಕ. 2024ರಿಂದ ಅದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶ ಪರೀಕ್ಷೆ-1, ಪರೀಕ್ಷೆ-2 ಎಂಬ ಹೆಸರಿನಲ್ಲೇ ಇದೆ, ಫೇಲಾದವನು ಎಂಬ ಹಣೆಪಟ್ಟಿ ಇಲ್ಲದೆ ಕಟ್ಟಬಹುದು ಎಂದು ಹೇಳಿದೆವು. ಆ ಹುಡುಗನಿಗೆ ಅದು ಗೊತ್ತಿರಲಿಲ್ಲ. ಮನೆಯವರಿಗೂ ಗೊತ್ತಿರಲಿಲ್ಲ. ಕಟ್ಟುವ ಕೊನೆಯ ದಿನಾಂಕ ಅಷ್ಟರಲ್ಲಿ ಮುಗಿದಿತ್ತು. ಒಂದು ವರ್ಷ ಹೋಯಿತು. ಸಂಘದ ನೋಟೀಸ್ ಬೋರ್ಡಿನಲ್ಲಿ ಪಶು ಆಹಾರದ ದರ ಇತ್ತು, ಹಾಲಿನ ದರ ಇತ್ತು, ಆ ದಿನಾಂಕ ಇರಲಿಲ್ಲ. ಅದು ನಿರ್ದೇಶಕರಾದ ನಮ್ಮ ತಪ್ಪು, ಬೇರೆ ಯಾರದ್ದೂ ಅಲ್ಲ.

ಅದಕ್ಕೇ ಆಡಳಿತ ಮಂಡಳಿಯ ಮುಂದೆ ಒಂದು ವಿಷಯ ಇಟ್ಟೆವು. ಡೇರಿಯ ಹಿಂದಿನ ಕೋಣೆಯಲ್ಲಿ ಪಶು ಆಹಾರದ ಮೂಟೆ ಇಡುತ್ತಿದ್ದೇವೆ. ಅದನ್ನು ಖಾಲಿ ಮಾಡಿ, ಲೈಟು ಹಾಕಿಸಿ, ಹತ್ತನೇ ಕ್ಲಾಸಿನ ಮಕ್ಕಳಿಗೆ ಸಂಜೆ ಎರಡು ಗಂಟೆ ಬಿಟ್ಟುಕೊಡೋಣ ಎಂದೆವು. 'ಸಂಘ ಇರೋದು ಹಾಲಿಗೆ, ಪಾಠಕ್ಕಲ್ಲ' ಎಂದವರೂ ಇದ್ದರು. ಅವರ ಮಾತಿನಲ್ಲೂ ಸತ್ಯ ಇದೆ, ಸಂಘದ ದುಡ್ಡು ಸದಸ್ಯರದು. ಎರಡು ಮೀಟಿಂಗು ವಾದ ಆಯಿತು. ಕೊನೆಗೆ ಸಂಘದ ದುಡ್ಡು ಮುಟ್ಟದೆ, ನಿರ್ದೇಶಕರು ತಮ್ಮ ಕೈಯಿಂದ ಬೆಂಚು ಹಾಕಿಸುವುದು, ಕರೆಂಟು ಮಾತ್ರ ಸಂಘದ್ದು ಎಂದು ಒಪ್ಪಿಗೆ ಆಯಿತು. ಹೈಸ್ಕೂಲಿನ ಗಣಿತದ ಮೇಷ್ಟ್ರು ವಾರಕ್ಕೊಮ್ಮೆ ಬರಲು ಒಪ್ಪಿದ್ದಾರೆ. ಉಳಿದ ದಿನ ಪಾಠ ಇಲ್ಲ, ಅಲ್ಲಿ ಪುಸ್ತಕ ಮುಚ್ಚಿ ಬರೆಯುವುದಷ್ಟೇ ಕೆಲಸ. ಬರೆಯಲು ಹಾಳೆಗೆ ಚಿಂತೆ ಇಲ್ಲ, ಸಂಘದಲ್ಲಿ ಇಪ್ಪತ್ತೈದು ವರ್ಷದ ಹಳೇ ರದ್ದಿಯಿದೆ, ಹಿಂಬದಿ ಎಲ್ಲಾ ಖಾಲಿ.

ಮೂಟೆಗಳನ್ನು ಮೊನ್ನೆ ಸಾಗಿಸಿ ಆಯಿತು. ಹಿಂದಿನ ವರ್ಷದ ಆ ಹುಡುಗನೇ ಬಂದು ಹೆಗಲು ಕೊಟ್ಟ. ಕೋಣೆಯ ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ ಇರುತ್ತದೆ. ಸೋಮವಾರ ಸಂಜೆ ಹಾಲು ಅಳೆದು ಮುಗಿದ ಮೇಲೆ ಬಾಗಿಲು ತೆಗೆಯುತ್ತೇವೆ. ಸದಸ್ಯರಲ್ಲಿ ನಾವು ಕೇಳುವುದು ಇಷ್ಟೇ, ಆ ಹೊತ್ತಿಗೆ ಹುಲ್ಲು ಹಾಕುವ ಕೆಲಸ ಮನೆಯ ಬೇರೆ ಯಾರಾದರೂ ನೋಡಿಕೊಳ್ಳಿ, ಮಗಳನ್ನೂ ಕಳಿಸಿಕೊಡಿ. ಮಾತು ಉದ್ದವಾಯಿತು, ಊಟಕ್ಕೆ ಹೊತ್ತಾಗಿದೆ.